ಬ್ರೇಕ್ ಹೇಗಿದೆ ಅಂತ ಕಾಲಿನಿಂದಲೇ ತಿಳಿಯುವುದು ಹೇಗೆ?

ಬ್ರೇಕ್ ಸರಿಯಿದೆಯೋ ಇಲ್ಲವೋ ಅನ್ನುವುದು ಅರ್ಧಕ್ಕರ್ಧ ಬಲಗಾಲಿಗೇ ಗೊತ್ತಾಗುತ್ತದೆ. ಪೆಡಲ್‌ನಿಂದ ಚಕ್ರದ ತನಕ ಏನೇನಿದೆ ಅಂತ ತಿಳಿದಿದ್ದರೆ ಸಾಕು.

ಮೊದಲು ಬೂಸ್ಟರ್. ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಇಂಜಿನ್ ಆಫ್ ಮಾಡಿ. ಪೆಡಲ್ಲನ್ನು ನಾಲ್ಕೈದು ಸಲ ಒತ್ತಿ ಬಿಡಿ. ಅದು ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಇಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಇದೊಂದು ದುಂಡನೆಯ ಡಬ್ಬಿ. ಒಳಗಿನ ಗಾಳಿಯನ್ನು ಇಂಜಿನ್ ಅಥವಾ ಸಣ್ಣ ಪಂಪ್ ಹೀರಿ ಇಟ್ಟಿರುತ್ತದೆ, ನೀವು ಒತ್ತಿದಾಗ ಹೊರಗಿನ ಗಾಳಿ ಒಂದು ಕಡೆಯಿಂದ ನುಗ್ಗಿ ನಿಮ್ಮ ಜೊತೆ ತಾನೂ ತಳ್ಳುತ್ತದೆ. ಇಂಜಿನ್ ನಿಂತ ಮೇಲೆ ಈ ಸಹಾಯ ಒಂದೆರಡು ಸಲಕ್ಕೆ ಮುಗಿದುಹೋಗುತ್ತದೆ. ಇಂಧನ ಉಳಿಸೋಣ ಅಂತ ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡುವ ಜಾಣರು ಇದನ್ನು ಮರೆಯುತ್ತಾರೆ.

ಈಗ ಇಂಜಿನ್ ಓಡುತ್ತಿರುವಾಗಲೇ ಪೆಡಲ್ಲನ್ನು ಅರ್ಧ ನಿಮಿಷ ಒಂದೇ ಸಮ ಒತ್ತಿ ಹಿಡಿಯಿರಿ. ಮೆಲ್ಲಗೆ ಇಳಿಯುತ್ತಲೇ ಹೋಯಿತಾ? ಹಾಗಿದ್ದರೆ ಎಲ್ಲೋ ಬ್ರೇಕ್ ಆಯಿಲ್ ಸೋರುತ್ತಿದೆ, ಇಲ್ಲವೇ ಪೆಡಲ್ ಒತ್ತಿದಾಗ ಅದನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಸೀಲ್ ಸವೆದಿದೆ. ಆ ಕಾರನ್ನು ಓಡಿಸಬೇಡಿ. ಮಾಸ್ಟರ್ ಸಿಲಿಂಡರ್‌ನಲ್ಲಿ ಎರಡು ಕೋಣೆ, ಅವುಗಳಿಂದ ಎರಡು ಬೇರೆ ಬೇರೆ ಕೊಳವೆ ಲೈನ್. ಒಂದು ಕೈಕೊಟ್ಟರೂ ಇನ್ನೊಂದರಿಂದ ಕಾರು ನಿಲ್ಲುತ್ತದೆ, ಆದರೆ ಪೆಡಲ್ ತುಂಬಾ ಕೆಳಗೆ ಹೋಗುತ್ತದೆ ಮತ್ತು ನಿಲ್ಲಲು ದೂರ ಜಾಸ್ತಿ ಬೇಕು.

ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದೆಯಾ? ಅದು ಬ್ರೇಕ್ ಆಯಿಲ್ ಕಥೆ. ನಾವೆಲ್ಲ ಆಯಿಲ್ ಅಂದರೂ ಅದು ಎಣ್ಣೆಯಲ್ಲ. ಹೆಚ್ಚಿನ ಕಾರುಗಳಲ್ಲಿರುವುದು ಗ್ಲೈಕಾಲ್ ಬಗೆಯ ದ್ರವ, ಅದಕ್ಕೆ ಗಾಳಿಯ ತೇವ ಹೀರುವ ಚಟ. ಡಾಟ್ 4 ಅನ್ನುವ ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನುವುದು ನಿಯಮ, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬಂದರೆ ಕಾದ ದ್ರವ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವ ಹಿಸುಕಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಅಲ್ಲಿಗೆ ನಿಮ್ಮ ಕಾಲಿನ ಒತ್ತಡವೆಲ್ಲ ಗುಳ್ಳೆ ಹಿಸುಕುವುದಕ್ಕೇ ಖರ್ಚು! ಅದಕ್ಕೇ ಇಳಿಜಾರಿನಲ್ಲಿ ಕೆಳಗಿನ ಗೇರ್ ಹಾಕಿ, ಹೆಚ್ಚಿನ ಕಾರುಗಳಲ್ಲಿ ಸುಮಾರು ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿ. ತಣ್ಣಗಿದ್ದಾಗಲೂ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಸೇರಿರುತ್ತದೆ. ಬ್ಲೀಡಿಂಗ್, ಅಂದರೆ ಆ ಗಾಳಿ ಹೊರತೆಗೆಯುವ ಕೆಲಸ, ಮಾಡಿಸಬೇಕು.

ಚಕ್ರದ ಹತ್ತಿರ ಬಂದರೆ ಕ್ಯಾಲಿಪರ್. ಅದರ ಪಿಸ್ಟನ್ ಎರಡು ಪ್ಯಾಡ್‌ಗಳನ್ನು ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಒತ್ತುತ್ತದೆ. ಕಾಲು ತೆಗೆದಾಗ ಪಿಸ್ಟನ್ ಹಿಂದಕ್ಕೆ ಬರುವುದು ಸ್ಪ್ರಿಂಗ್‌ನಿಂದ ಅಲ್ಲ, ಸುತ್ತ ಇರುವ ರಬ್ಬರ್ ಸೀಲ್ ಒತ್ತಿದಾಗ ಸ್ವಲ್ಪ ತಿರುಚಿಕೊಂಡಿರುತ್ತದೆ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಎಳೆದುಕೊಳ್ಳುತ್ತದೆ. ನನಗೆ ಇಡೀ ಬ್ರೇಕಿನಲ್ಲಿ ಇಷ್ಟವಾದ ಭಾಗ ಇದೇ. ಪ್ಯಾಡ್ 3 ಮಿಲಿಮೀಟರ್‌ಗೆ ಇಳಿದರೆ ಬದಲಿಸಿ. ಹಲವು ಪ್ಯಾಡ್‌ಗಳಲ್ಲಿ ಒಂದು ತಗಡಿನ ನಾಲಿಗೆ ಇರುತ್ತದೆ, ಸವೆದಾಗ ಅದು ಡಿಸ್ಕಿಗೆ ತಾಗಿ ಕೀರಲು ಸದ್ದು ಮಾಡುತ್ತದೆ. ಡಿಸ್ಕ್ ಬದಲು ಡ್ರಮ್ ಇದ್ದರೆ ಪ್ಯಾಡ್ ಬದಲು ಶೂ, ಅವು ಒಳಗಿನಿಂದ ಹೊರಕ್ಕೆ ಒತ್ತುತ್ತವೆ.

ಮಾಮೂಲಿ ಬ್ರೇಕಿಗೂ ಪೆಡಲ್ ನಡುಗಿದರೆ ಡಿಸ್ಕಿನ ದಪ್ಪ ಏರುಪೇರಾಗಿರಬಹುದು. ಜೋರಾಗಿ ತುಳಿದಾಗ ಮಾತ್ರ ಗರಗರ ಅಂದರೆ ಹೆದರಬೇಡಿ, ಅದು ಎಬಿಎಸ್. ಚಕ್ರ ಜಾರದಂತೆ ಒತ್ತಡವನ್ನು ಬಿಟ್ಟು ಹಿಡಿದು ಮಾಡುತ್ತಿದೆ, ಕಾಲು ತೆಗೆಯಬೇಡಿ.

ಕೊನೆಗೆ ಬಾನೆಟ್ ಎತ್ತಿ ದ್ರವದ ಡಬ್ಬಿ ನೋಡಿ. ಮಟ್ಟ ಇಳಿದಿದೆ ಅಂತ ಸುಮ್ನೆ ತುಂಬಿಸಬೇಡಿ. ಮೊದಲು ಸೋರಿಕೆ ಇದೆಯಾ, ಪ್ಯಾಡ್ ಸವೆದಿದೆಯಾ ನೋಡಿ. ಸವೆದಷ್ಟೂ ಪಿಸ್ಟನ್ ಮುಂದೆ ಬಂದು ದ್ರವ ಅಲ್ಲಿಗೆ ಇಳಿದಿರುತ್ತದೆ. ನೀವು ತುಂಬಿಸಿಟ್ಟರೆ, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ತಳ್ಳಿದಾಗ ಅದು ಉಕ್ಕಿ ಚೆಲ್ಲುತ್ತದೆ, ಬಿದ್ದ ಕಡೆ ಬಣ್ಣ ಎದ್ದುಹೋಗುತ್ತದೆ.