ಸ್ಟೇರಿಂಗ್ ‘ಕೊಂಯ್’ ಅಂದರೆ: ಮನೆಯಂಗಳದಲ್ಲೇ ಆಯಿಲ್ ಬದಲಿಸುವುದು ಹೇಗೆ?

ದಾವಣಗೆರೆಯ ಮಂಡಿಪೇಟೆಯಲ್ಲಿ ಕಾರು ತಿರುಗಿಸಿದವರಿಗೆ ಸ್ಟೇರಿಂಗಿನ ಬೆಲೆ ಗೊತ್ತು. ಎಡಕ್ಕೆ ಮೂಟೆ ಹೇರಿದ ಲಗೇಜ್ ಆಟೊ, ಬಲಕ್ಕೆ ತಳ್ಳುಗಾಡಿ, ಹಿಂದೆ ಹಾರ್ನ್. ಅಲ್ಲಿ ಫುಲ್ ಕಟ್ ಹೊಡೆದಾಗಲೆಲ್ಲ ನನ್ನ ಹಳೆಯ ಇನ್ನೋವಾ ‘ಕೊಂಯ್’ ಅಂತ ಕೂಗಲು ಶುರು ಮಾಡಿ ಆರು ತಿಂಗಳಾಗಿತ್ತು. ಬೆಲ್ಟ್ ಇರಬೇಕು ಅಂದುಕೊಂಡು ಸುಮ್ನೆ ಇದ್ದೆ. ಒಂದು ಭಾನುವಾರ ಬಾನೆಟ್ ಎತ್ತಿ ಸ್ಟೇರಿಂಗ್ ಆಯಿಲ್ ಟ್ಯಾಂಕಿನ ಮುಚ್ಚಳ ಬಿಚ್ಚಿದೆ. ಒಳಗೆ ನಿನ್ನೆ ಉಳಿದ ಕಾಫಿ ಡಿಕಾಕ್ಷನ್ ಇದ್ದ ಹಾಗಿತ್ತು. ಜೊತೆಗೆ ಸುಟ್ಟ ವಾಸನೆ. ಹೊಸದಾಗಿದ್ದಾಗ ಇದೇ ಆಯಿಲ್ ದಾಳಿಂಬೆ ರಸದ ಬಣ್ಣದಲ್ಲಿರುತ್ತದೆ.

ಇದನ್ನು ಬದಲಿಸಲು ಗ್ಯಾರೇಜಿಗೇ ಹೋಗಬೇಕೆಂದೇನಿಲ್ಲ. ಅರ್ಧ ದಿನ ಬಿಡುವು, ಸ್ವಲ್ಪ ತಾಳ್ಮೆ ಇದ್ದರೆ ಮನೆ ಮುಂದೆಯೇ ಮಾಡಬಹುದು.

ಮೊದಲು ಒಂದು ಮಾತು. ನಿಮ್ಮ ಕಾರಿನಲ್ಲಿ ಈ ಆಯಿಲ್ ಇದೆಯೇ ಅಂತ ನೋಡಿಕೊಳ್ಳಿ. ಈಗಿನ ಸ್ವಿಫ್ಟ್, ವ್ಯಾಗನಾರ್, ನೆಕ್ಸಾನ್‌ಗಳಲ್ಲಿ ಸ್ಟೇರಿಂಗ್‌ಗೆ ಬಲ ಕೊಡುವುದು ಎಲೆಕ್ಟ್ರಿಕ್ ಮೋಟರ್. ಅದರಲ್ಲಿ ಆಯಿಲ್ಲೂ ಇಲ್ಲ, ಟ್ಯಾಂಕೂ ಇಲ್ಲ. ಪವರ್ ಸ್ಟೇರಿಂಗ್ ಇರುವ ಹಳೆಯ ಸುಮೊ, ಕ್ವಾಲಿಸ್, ಟವೇರಾ, ಬೊಲೆರೊ, ಇನ್ನೋವಾ ಇಟ್ಟುಕೊಂಡವರು ಮುಂದೆ ಓದಿ. ಬಾನೆಟ್ ಒಳಗೆ ಸಣ್ಣ ಡಬ್ಬಿಯೊಂದರ ಮುಚ್ಚಳದ ಮೇಲೆ ಸ್ಟೇರಿಂಗ್ ಚಕ್ರದ ಚಿತ್ರ ಇದ್ದರೆ ಅದೇ ಟ್ಯಾಂಕು.

ಆಯಿಲ್ ಮಾಡುವ ಕೆಲಸ ಏನು?

ಇಂಜಿನ್ನಿನ ಬೆಲ್ಟ್ ಒಂದು ಪಂಪ್ ತಿರುಗಿಸುತ್ತದೆ. ಪಂಪ್ ಆಯಿಲನ್ನು ಜೋರಾಗಿ ಒತ್ತಿ, ಮುಂದಿನ ಚಕ್ರಗಳನ್ನು ಆಚೀಚೆ ತಿರುಗಿಸುವ ಸ್ಟೇರಿಂಗ್ ರ‍್ಯಾಕಿಗೆ ಕಳಿಸುತ್ತದೆ. ನೀವು ಎಡಕ್ಕೆ ತಿರುಗಿಸಿದರೆ ರ‍್ಯಾಕಿನೊಳಗಿನ ಪಿಸ್ಟನ್ನಿನ ಒಂದು ಬದಿಗೆ, ಬಲಕ್ಕಾದರೆ ಇನ್ನೊಂದು ಬದಿಗೆ ಆಯಿಲ್ ನುಗ್ಗಿ ತಳ್ಳುತ್ತದೆ. ಅಂದರೆ ಚಕ್ರ ತಿರುಗಿಸುವ ಭಾರದ ಕೆಲಸ ಆಯಿಲಿನದ್ದು. ನಾವು ಬರೀ ದಾರಿ ತೋರಿಸುವವರು. ಕಾರು ನಿಂತಿರುವಾಗ ಇಂಜಿನ್ ಆಫ್ ಮಾಡಿ ಸ್ಟೇರಿಂಗ್ ತಿರುಗಿಸಿ ನೋಡಿ, ಕಲ್ಲಿನ ಹಾಗಿರುತ್ತದೆ. 1951ರಲ್ಲಿ ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್ ಕಾರಿನೊಂದಿಗೆ ಮಾರುಕಟ್ಟೆಗೆ ಬಂದ ಏರ್ಪಾಡು ಇದು. ಮೂಲ ಉಪಾಯ ಇವತ್ತಿಗೂ ಅದೇ.

ಆಯಿಲ್ ಬಲ ಕೊಡುವುದರ ಜೊತೆಗೆ ಪಂಪಿನ ಒಳಭಾಗಕ್ಕೆ ಜಿಡ್ಡು ಕೊಡಬೇಕು, ಬಿಸಿಯನ್ನೂ ಹೊತ್ತೊಯ್ಯಬೇಕು. ವರ್ಷಗಟ್ಟಲೆ ಕಾದು ಕಾದು ಅದು ಹಳಸುತ್ತದೆ. ಪೈಪಿನ ರಬ್ಬರ್ ಚೂರು, ಪಂಪಿನ ಲೋಹದ ಪುಡಿ ಸೇರಿಕೊಳ್ಳುತ್ತವೆ. ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಬಾನೆಟ್ ಒಳಗಿನ ಕಥೆ ನಾನು ಹೇಳಬೇಕಿಲ್ಲ. ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಕೆಲವರು ‘ಪರೀಕ್ಷಿಸಿ’ ಅಂತಷ್ಟೇ ಬರೆದಿರುತ್ತಾರೆ. ನಾನು ಬಣ್ಣ ನೋಡಿ ತೀರ್ಮಾನ ಮಾಡುತ್ತೇನೆ. ಬಿಳಿ ಹಾಳೆಯ ಮೇಲೆ ಒಂದು ಹನಿ ಬಿಡಿ. ಕೆಂಪಗೆ ಹರಡಿದರೆ ಇನ್ನೂ ಓಡಿಸಿ. ಕಂದು ಬಣ್ಣ, ನಡುವೆ ಕಪ್ಪು ಚುಕ್ಕಿ ಕಂಡರೆ ಬದಲಿಸಿ.

ಯಾವ ಆಯಿಲ್?

ಇಡೀ ಕೆಲಸದಲ್ಲಿ ಕೈ ಸುಡುವ ಜಾಗಗಳಲ್ಲಿ ಇದು ಮೊದಲನೆಯದು. ಇಲ್ಲಿ ತಪ್ಪಿದರೆ ಪಂಪ್, ರ‍್ಯಾಕ್ ಎರಡೂ ಹೋಗುತ್ತವೆ.

ಸ್ಪೇರ್ ಅಂಗಡಿಗೆ ಹೋಗಿ ‘ಸ್ಟೇರಿಂಗ್ ಆಯಿಲ್ ಕೊಡಿ’ ಅಂದರೆ ಸಾಲದು. ಟ್ಯಾಂಕಿನ ಮುಚ್ಚಳದ ಮೇಲೆ ಅಥವಾ ಕಾರಿನ ಮ್ಯಾನ್ಯುಯಲ್‌ನಲ್ಲಿ ಯಾವ ದರ್ಜೆ ಅಂತ ಬರೆದಿರುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗಿ. ನನ್ನ ಇನ್ನೋವಾಗೆ ಡೆಕ್ಸ್ರಾನ್ 2 ಅಥವಾ 3 ದರ್ಜೆಯ ಎಟಿಎಫ್. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಆಯಿಲ್ಲೇ ಅದು. ಹಳೆಯ ಹೋಂಡಾ ಕಾರುಗಳಿಗೆ ಹೋಂಡಾದ್ದೇ ಬೇರೆ ಆಯಿಲ್ ಬೇಕು. ಕೆಲವು ಯುರೋಪಿನ ಕಾರುಗಳಿಗೆ ಹಸಿರು ಬಣ್ಣದ್ದು. ಹಸಿರಿಗೆ ಕೆಂಪು ಬೆರೆಸಬೇಡಿ.

ಬ್ರೇಕ್ ಆಯಿಲನ್ನಂತೂ ಅಪ್ಪಿತಪ್ಪಿಯೂ ಹಾಕಬೇಡಿ. ಹೆಸರಿಗೆ ಆಯಿಲ್ ಅಂತ ಕರೆಯುತ್ತೇವೆ, ಆದರೆ ಅದು ಎಣ್ಣೆಯೇ ಅಲ್ಲ. ಸ್ಟೇರಿಂಗಿನ ರಬ್ಬರ್ ಸೀಲುಗಳು ಅದಕ್ಕೆ ಉಬ್ಬಿ ಮೆತ್ತಗಾಗಿ ಸೋರಲು ಶುರುವಾಗುತ್ತದೆ. ‘ಸದ್ಯಕ್ಕೆ ಸ್ವಲ್ಪ ಹಾಕ್ರಿ ಸರ, ಏನೂ ಆಗಲ್ಲ’ ಅನ್ನುವವರು ಸಿಗುತ್ತಾರೆ. ನಕ್ಕು ಮುಂದೆ ಹೋಗಿ.

ಎರಡು ಲೀಟರ್ ತನ್ನಿ. ಸಾಮಾನ್ಯವಾಗಿ ಒಟ್ಟು ಹಿಡಿಯುವುದು ಒಂದು ಲೀಟರ್ ಆಸುಪಾಸು, ಉಳಿದದ್ದು ತೊಳೆಯಲು ಬೇಕು. ಮೆಡಿಕಲ್ ಶಾಪಿನಿಂದ 50 ಮಿ.ಲೀ. ಸಿರಿಂಜ್, ಅದರ ಮೂತಿಗೆ ಸಿಕ್ಕಿಸಲು ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪೈಪ್ ಒಂದು ಗೇಣು. ಹಳೇ ಆಯಿಲ್ ಹಿಡಿಯಲು ಖಾಲಿ ನೀರಿನ ಬಾಟಲಿ, ಆಲಿಕೆ, ಗ್ಲೌಸ್, ಒಂದಿಷ್ಟು ಕಾಟನ್ ವೇಸ್ಟ್. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ಈಗ ಕಾಟನ್ ವೇಸ್ಟನ್ನೂ ದುಡ್ಡು ಕೊಟ್ಟು ತರುತ್ತೇವೆ. ನೆಲಕ್ಕೆ ಹಾಸಲು ಹಳೆಯ ಪೇಪರ್ ಬೇಕು. ಈ ಪುರವಣಿಯೂ ಆದೀತು, ಪೂರ್ತಿ ಓದಿದ ಮೇಲೆ.

ಹೀರಿ ತೆಗೆ, ಹೊಸದು ಹಾಕು

ಮನೆಯಲ್ಲಿ ಮಾಡುವವರಿಗೆ ನಾನು ಹೇಳುವುದು ಈ ದಾರಿಯನ್ನೇ. ಪೈಪ್ ಬಿಚ್ಚುವ ಗೋಜಿಲ್ಲ.

ಇಂಜಿನ್ ತಣ್ಣಗಿರಲಿ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆಯಿರಿ. ಟ್ಯಾಂಕಿನ ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಧೂಳು ಒರೆಸಿ. ಒಂದು ಚಿಟಿಕೆ ಮಣ್ಣು ಒಳಗೆ ಬಿದ್ದರೂ ಪಂಪಿಗೆ ಒಳ್ಳೆಯದಲ್ಲ. ಈಗ ಸಿರಿಂಜಿನಿಂದ ಹೀರಿ ಬಾಟಲಿಗೆ ಬಿಡಿ. ಟ್ಯಾಂಕಿನ ತಳದಲ್ಲಿ ಜಾಲರಿ ಇದ್ದರೆ ಪೈಪಿನಿಂದ ಚುಚ್ಚಬೇಡಿ. ಟ್ಯಾಂಕ್ ಖಾಲಿಯಾದ ಮೇಲೆ ಹೊಸ ಆಯಿಲನ್ನು ‘ಕೋಲ್ಡ್’ ಗೆರೆಯವರೆಗೆ ತುಂಬಿ. ಗೆರೆ ಟ್ಯಾಂಕಿನ ಹೊರಗಿರುತ್ತದೆ, ಇಲ್ಲವಾದರೆ ಮುಚ್ಚಳಕ್ಕೆ ಅಂಟಿದ ಕಡ್ಡಿಯ ಮೇಲಿರುತ್ತದೆ. ಮುಚ್ಚಳ ಹಾಕಿ.

ಇಂಜಿನ್ ಸ್ಟಾರ್ಟ್ ಮಾಡಿ. ಸ್ಟೇರಿಂಗನ್ನು ನಿಧಾನವಾಗಿ ಎಡದ ಕೊನೆಗೆ, ಬಲದ ಕೊನೆಗೆ ಐದಾರು ಸಲ ತಿರುಗಿಸಿ. ಕೊನೆ ಮುಟ್ಟಿದ ಕೂಡಲೇ ವಾಪಸ್ ತನ್ನಿ, ಒತ್ತಿ ಹಿಡಿಯಬೇಡಿ. ಹಾಗೆ ಹಿಡಿದರೆ ಪಂಪ್ ದಾರಿಯಿಲ್ಲದೆ ಏದುಸಿರು ಬಿಡುತ್ತದೆ, ಆಯಿಲ್ ವಿಪರೀತ ಕಾಯುತ್ತದೆ. ಇಂಜಿನ್ ಆಫ್ ಮಾಡಿ. ಹೊಸದೂ ಹಳೆಯದೂ ಬೆರೆತಿರುತ್ತದೆ. ಮತ್ತೆ ಹೀರಿ, ಮತ್ತೆ ತುಂಬಿ.

ಎಷ್ಟು ಸಲ? ಉಪ್ಪು ಜಾಸ್ತಿಯಾದ ಸಾರಿನಿಂದ ಎರಡು ಸೌಟು ತೆಗೆದು ಅಷ್ಟೇ ನೀರು ಹಾಕುವ ಲೆಕ್ಕವೇ ಇದು. ಒಟ್ಟು ಒಂದು ಲೀಟರ್, ಅದರಲ್ಲಿ ಟ್ಯಾಂಕಿನಿಂದ ಸಿಗುವುದು 300 ಮಿ.ಲೀ. ಅಂದುಕೊಳ್ಳಿ. ಮೊದಲ ಸಲಕ್ಕೆ ಹಳೆಯದು ನೂರಕ್ಕೆ 70 ಉಳಿಯುತ್ತದೆ. ಎರಡನೆಯದಕ್ಕೆ 49, ಮೂರಕ್ಕೆ 34, ನಾಲ್ಕಕ್ಕೆ 24. ಆರನೆಯ ಸಲಕ್ಕೆ 12ಕ್ಕೆ ಇಳಿಯುತ್ತದೆ, ಎರಡು ಲೀಟರ್ ಡಬ್ಬವೂ ಹೆಚ್ಚುಕಡಿಮೆ ಖಾಲಿಯಾಗುತ್ತದೆ. ಪೂರ್ತಿ ಹೊಸದಾಗುವುದಿಲ್ಲ, ನಿಜ. ಆದರೆ ಕಾರಿಗೆ ಅಷ್ಟು ಸಾಕು. ಒಂದೇ ದಿನ ಆರೂ ಸಲ ಮಾಡಬೇಕೆಂದಿಲ್ಲ. ವಾರಕ್ಕೊಂದು ಸಲ ಮಾಡಿದರೆ ಇನ್ನೂ ಚೆನ್ನಾಗಿ ಬೆರೆಯುತ್ತದೆ.

ಎರಡು ಎಚ್ಚರಿಕೆ. ಟ್ಯಾಂಕ್ ಖಾಲಿ ಇರುವಾಗ ಇಂಜಿನ್ ಸ್ಟಾರ್ಟ್ ಮಾಡಲೇಬಾರದು. ಪಂಪ್ ಒಣಗಿ ಓಡಿದರೆ ಕೆಲವೇ ಹೊತ್ತಿನಲ್ಲಿ ಸವೆಯುತ್ತದೆ. ಇನ್ನೊಂದು, ಇಂಜಿನ್ ಓಡುತ್ತಿರುವಾಗ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾನೆಟ್ ಒಳಗೆ ಬಗ್ಗಬೇಡಿ. ಲುಂಗಿ, ದುಪಟ್ಟಾ ಕೂಡ ಬೇಡ. ಬೆಲ್ಟ್ ಯಾರ ಮುಖವನ್ನೂ ನೋಡುವುದಿಲ್ಲ.

ಪೈಪ್ ಬಿಚ್ಚುವ ದಾರಿ

ಆಯಿಲ್ ತೀರಾ ಕೆಟ್ಟು ಕೆಸರಿನಂತಾಗಿದ್ದರೆ ಹೀರುವುದು ಸಾಲದು. ಆಗ ವಾಪಸ್ ಬರುವ ಪೈಪ್ ಬಿಚ್ಚಬೇಕು. ಟ್ಯಾಂಕಿಗೆ ಎರಡು ರಬ್ಬರ್ ಪೈಪ್ ಇರುತ್ತವೆ. ದಪ್ಪದ್ದು ಸಾಮಾನ್ಯವಾಗಿ ಪಂಪಿಗೆ ಹೋಗುವುದು, ಸಣ್ಣದು ರ‍್ಯಾಕಿನಿಂದ ವಾಪಸ್ ಬರುವುದು. ಪಂಪಿನಿಂದ ನಟ್ ಹಾಕಿ ಬಿಗಿದು ಹೊರಟಿರುವ ಮೂರನೆಯ ಪೈಪ್ ಮುಟ್ಟಬೇಡಿ. ಜೋರು ಒತ್ತಡ ಇರುವುದು ಅದರಲ್ಲೇ.

ಮುಂದಿನ ಎರಡೂ ಚಕ್ರ ನೆಲ ಬಿಡುವಂತೆ ಎತ್ತಿ ಸ್ಟ್ಯಾಂಡ್ ಕೊಡಿ. ಬರೀ ಜಾಕಿ ನಂಬಬೇಡಿ. ಹಿಂದಿನ ಚಕ್ರಕ್ಕೆ ಅಡ್ಡ ಕಲ್ಲಿಡಿ. ಪಕ್ಕದಲ್ಲೇ ಚಿತ್ರದುರ್ಗ ಇಟ್ಟುಕೊಂಡು ಕಲ್ಲಿಗೇನು ಬರ! ಟ್ಯಾಂಕನ್ನು ಸಿರಿಂಜಿನಿಂದ ಖಾಲಿ ಮಾಡಿ, ಸಣ್ಣ ಪೈಪಿನ ಕ್ಲಿಪ್ಪನ್ನು ಪ್ಲೇಯರ್‌ನಿಂದ ಒತ್ತಿ ಜರುಗಿಸಿ. ಪೈಪ್ ಬಿಚ್ಚಿ ಬಾಟಲಿಗೆ ಇಳಿಬಿಡಿ. ಟ್ಯಾಂಕಿನ ಕಡೆ ತೆರೆದುಕೊಂಡ ಮೂತಿಗೆ ರಬ್ಬರ್ ಟೋಪಿ ಹಾಕಿ, ಇಲ್ಲದಿದ್ದರೆ ಸುರಿದದ್ದೆಲ್ಲ ಅಲ್ಲಿಂದಲೇ ಹೊರಬರುತ್ತದೆ. ಕೀ ಒಂದು ಹಂತ ಮಾತ್ರ ತಿರುಗಿಸಿ ಸ್ಟೇರಿಂಗ್ ಲಾಕ್ ಬಿಡಿಸಿ. ಆದರೆ ಇಂಜಿನ್ ಆಫ್ ಇರಲಿ. ಒಬ್ಬರು ಸ್ಟೇರಿಂಗ್ ಆ ಕೊನೆ ಈ ಕೊನೆ ತಿರುಗಿಸಬೇಕು, ಇನ್ನೊಬ್ಬರು ಟ್ಯಾಂಕಿಗೆ ಸುರಿಯುತ್ತಿರಬೇಕು. ಬಾಟಲಿಗೆ ಕೆಂಪು ಬರುವವರೆಗೂ.

ನಾನು ಮೊದಲ ಸಲ ಇದನ್ನೇ ಮಾಡಿದ್ದು, ಅದೂ ಒಬ್ಬನೇ. ಪೈಪನ್ನು ಬಾಟಲಿಗೆ ಕಟ್ಟಿರಲಿಲ್ಲ. ಸ್ಟೇರಿಂಗ್ ತಿರುಗಿಸಿದ ರಭಸಕ್ಕೆ ಅದು ಹಾವಿನ ಹಾಗೆ ಎಗರಿ ಆಯಿಲನ್ನೆಲ್ಲ ಬೆಳಗಿನ ರಂಗೋಲಿಯ ಮೇಲೆ ಉಗುಳಿತು. ನಾನು ಸೀಟಿನಲ್ಲಿ ಕೂತು ತಿರುಗಿಸುತ್ತಲೇ ಇದ್ದೆ. ಅಮ್ಮ ಹೊರಗೆ ಬಂದು ‘ಏನೋ ಇದು, ಅಂಗಳದಾಗೆ ಓಕುಳಿ ಆಡಿದಂಗೈತಲ್ಲೋ’ ಅಂದಾಗಲೇ ಗೊತ್ತಾದದ್ದು. ಬೂದಿ, ಮರಳು, ಸೋಪಿನ ಪುಡಿ ಎಲ್ಲ ಹಾಕಿ ತಿಕ್ಕಿದೆ. ಚಪ್ಪಡಿಯ ಮೇಲಿನ ಕಲೆ ಇವತ್ತಿಗೂ ಇದೆ. ಆದ್ದರಿಂದ ಪೈಪನ್ನು ಬಾಟಲಿಯ ಬಾಯಿಗೆ ಟೇಪ್ ಸುತ್ತಿ ಕಟ್ಟಿ. ಜೊತೆಗೊಬ್ಬರನ್ನು ಕರೆದುಕೊಳ್ಳಿ. ಕೆಲಸ ಮುಗಿದ ಮೇಲೆ ಬೆಣ್ಣೆ ದೋಸೆ ಕೊಡಿಸುತ್ತೇನೆ ಅಂದರೆ ನಮ್ಮೂರಲ್ಲಿ ಯಾರು ಬರುವುದಿಲ್ಲ?

ಗಾಳಿ ತೆಗೆಯುವುದು

ಪೈಪ್ ವಾಪಸ್ ಹಾಕಿ ಕ್ಲಿಪ್ ಕೂರಿಸಿದ ಮೇಲೂ ಒಳಗೆ ಗಾಳಿ ಉಳಿದಿರುತ್ತದೆ. ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಅದಕ್ಕೇ ಗಾಳಿ ಸೇರಿದರೆ ಸ್ಟೇರಿಂಗ್ ಒಮ್ಮೆ ಹಗುರ, ಒಮ್ಮೆ ಭಾರ, ಜೊತೆಗೆ ಗುರ್ ಅನ್ನುವ ಶಬ್ದ. ಇಂಜಿನ್ ಆಫ್ ಇರುವಾಗಲೇ, ಚಕ್ರಗಳು ಮೇಲಿರುವಾಗಲೇ, ಸ್ಟೇರಿಂಗನ್ನು 15–20 ಸಲ ನಿಧಾನವಾಗಿ ಆಚೀಚೆ ತಿರುಗಿಸಿ. ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತವೆ, ಮಟ್ಟ ಇಳಿಯುತ್ತದೆ. ತುಂಬುತ್ತಾ ಹೋಗಿ. ಗುಳ್ಳೆ ನಿಂತ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಮತ್ತೆ ಕೆಲವು ಸಲ ತಿರುಗಿಸಿ. ಆಯಿಲ್ ಮಜ್ಜಿಗೆಯಂತೆ ನೊರೆಯಾಗಿದ್ದರೆ ಆಫ್ ಮಾಡಿ ಅರ್ಧ ಗಂಟೆ ಬಿಡಿ. ನೊರೆ ತಾನೇ ಇಳಿಯುತ್ತದೆ. ಅವಸರ ಮಾಡಿದಷ್ಟೂ ನೊರೆ ಜಾಸ್ತಿ.

ಇಷ್ಟೆಲ್ಲ ಆದ ಮೇಲೂ ಕೂಗು ನಿಲ್ಲದಿದ್ದರೆ ಬೆಲ್ಟ್ ಸಡಿಲವಾಗಿರಬಹುದು ಅಥವಾ ಪಂಪೇ ಸವೆದಿರಬಹುದು. ಅದು ಮೆಕ್ಯಾನಿಕ್ ಕೆಲಸ. ಹಾಗೆಯೇ ಆಯಿಲ್ ಪದೇ ಪದೇ ಕಡಿಮೆಯಾಗುತ್ತಿದ್ದರೆ ತುಂಬುತ್ತಾ ಕೂರಬೇಡಿ. ಇದು ಮುಚ್ಚಿದ ಏರ್ಪಾಡು, ಖರ್ಚಾಗುವ ವಸ್ತುವಲ್ಲ. ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ಹಳೆಯ ಆಯಿಲನ್ನು ಚರಂಡಿಗೆ ಸುರಿಯಬೇಡಿ, ತೆಂಗಿನ ಮರದ ಬುಡಕ್ಕೂ ಬೇಡ. ಬಾಟಲಿಯ ಮುಚ್ಚಳ ಬಿಗಿದು ಗೊತ್ತಿರುವ ಗ್ಯಾರೇಜಿಗೆ ಕೊಡಿ. ಅವರ ಹತ್ತಿರ ವೇಸ್ಟ್ ಆಯಿಲ್ ಡ್ರಮ್ ಇರುತ್ತದೆ.

ಇನ್ನು ಒಂದು ಸುತ್ತು ಓಡಿಸಿ ನೋಡಿ. ನಾನು ಚಿತ್ರದುರ್ಗಕ್ಕೆ ಹೋಗಿ ಬಂದೆ, ಎರಡೂ ಕಡೆ ಸೇರಿ 120 ಕಿಲೋಮೀಟರ್ ಆಸುಪಾಸು. ಬಂದ ತಕ್ಷಣ ಇಂಜಿನ್ ಬಿಸಿ ಇರುವಾಗಲೇ ಮಟ್ಟ ನೋಡಿ. ಆಗ ಅದು ‘ಹಾಟ್’ ಗೆರೆ ದಾಟಿರಬಾರದು. ರಾತ್ರಿ ಕಾರಿನ ಮುಂಭಾಗದ ಕೆಳಗೆ ಪೇಪರ್ ಹಾಸಿ ಮಲಗಿ. ಬೆಳಿಗ್ಗೆ ಅದರ ಮೇಲೆ ಕೆಂಪು ಹನಿ ಕಂಡರೆ ಆ ಸಣ್ಣ ಪೈಪಿನ ಕ್ಲಿಪ್ ಸರಿಯಾಗಿ ಕೂತಿಲ್ಲ, ಮೊದಲು ಅದನ್ನು ನೋಡಿ.