ಹಳೆಯ ಫೋರ್ ವೀಲ್ ಡ್ರೈವ್: ತಪಾಸಣೆ ತಳದಿಂದ ಶುರುವಾಗಲಿ

ಇಪ್ಪತ್ತು ವರ್ಷ ದಾಟಿದ ಫೋರ್ ವೀಲ್ ಡ್ರೈವ್ ಗಾಡಿ ಮುನಿಸಿಕೊಂಡರೆ ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ಆದರೆ ಕೆಸರು, ಹಳ್ಳ ದಾಟಿದ ಗಾಡಿಯಲ್ಲಿ ಇಂಜಿನ್‌ಗಿಂತ ಮೊದಲೇ ಸೊರಗುವುದು ತಳಭಾಗ. ಎಡ ಬಲ ಚಕ್ರಗಳನ್ನು ಹೊತ್ತ ಆಕ್ಸಲ್ ಒಳಗೆ ನೀರು ಸೇರಿರುತ್ತದೆ, ಆಕ್ಸಲ್‌ಗೆ ಬಲ ಒಯ್ಯುವ ಶಾಫ್ಟ್‌ನ ಗ್ರೀಸ್ ತೊಳೆದುಹೋಗಿರುತ್ತದೆ, ತಳದ ಚೌಕಟ್ಟಾದ ಚಾಸಿಯ ಪೊಳ್ಳಿನಲ್ಲಿ ಒದ್ದೆ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಹೊಸ ಟಯರು, ಎತ್ತರದ ಸಸ್ಪೆನ್ಷನ್, ನಾಲ್ಕು ಹೆಚ್ಚುವರಿ ದೀಪ ಎಲ್ಲ ಆಮೇಲೆ. ಇಲ್ಲಿರುವ ಕ್ರಮ ಪ್ರತ್ಯೇಕ ಚಾಸಿ ಮತ್ತು ಗಟ್ಟಿ ಆಕ್ಸಲ್ ಇರುವ ಗಾಡಿಗಳಿಗೆ. ಅಳತೆಯ ವಿಷಯದಲ್ಲಿ ಅನುಮಾನ ಬಂದರೆ ಗಾಡಿಯ ಕೈಪಿಡಿ ಹೇಳಿದ್ದೇ ಕೊನೆ.

ಎತ್ತುವ ಮುನ್ನ

ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ನೆಲದ ಮೇಲೇ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಮರದ ಬೆಣೆ ಕೊಡಿ. ಹಳೆಯ ಗಾಡಿಗಳಲ್ಲಿ ಇದನ್ನು ಬಿಡುವಂತೆಯೇ ಇಲ್ಲ, ಕಾರಣವಿದೆ. ಹಲವು ಮಾದರಿಗಳಲ್ಲಿ ಹ್ಯಾಂಡ್‌ಬ್ರೇಕ್‌ನ ಡ್ರಮ್ ಟ್ರಾನ್ಸ್‌ಫರ್ ಕೇಸ್‌ನ (ಗೇರ್‌ಬಾಕ್ಸ್‌ನ ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಹಿಂಬದಿಯಲ್ಲಿರುತ್ತದೆ, ಅಂದರೆ ಅದು ಹಿಡಿಯುವುದು ಶಾಫ್ಟನ್ನು. ಹಿಂದಿನ ಒಂದೇ ಚಕ್ರ ಎತ್ತಿದಿರೋ, ಡಿಫರೆನ್ಶಿಯಲ್ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಆಕ್ಸಲ್ ನಡುವಿನ ಗೇರ್ ಜೋಡಣೆ) ಆ ಚಕ್ರವನ್ನು ಗಾಳಿಯಲ್ಲಿ ತಿರುಗಲು ಬಿಟ್ಟು, ನೆಲದ ಮೇಲಿನ ಇನ್ನೊಂದು ಚಕ್ರವನ್ನು ಉರುಳಗೊಡುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ, ಗೇರ್ ಹಾಕಿದ್ದರೂ ಗಾಡಿ ಜಾಕ್ ಮೇಲಿಂದ ಜಾರಬಹುದು. ಜಾಕ್ ಇರುವುದು ಎತ್ತಲಿಕ್ಕೆ ಮಾತ್ರ. ಕೆಳಗೆ ನುಸುಳುವ ಮುನ್ನ ಸ್ಟ್ಯಾಂಡ್ ಕೊಡಿ.

ಡಿಫರೆನ್ಶಿಯಲ್ ಆಯಿಲ್

ಮೊದಲು ಬಿಚ್ಚಬೇಕಾದ್ದು ಪಕ್ಕದಲ್ಲಿರುವ ಆಯಿಲ್ ತುಂಬುವ ಪ್ಲಗ್. ಕೆಳಗಿನ ಡ್ರೈನ್ ಪ್ಲಗ್ ಮೊದಲೇ ಬಿಚ್ಚಿ ಆಯಿಲ್ ಸುರಿಸಿಬಿಟ್ಟು, ಆಮೇಲೆ ತುಂಬುವ ಪ್ಲಗ್ ತುಕ್ಕು ಹಿಡಿದು ಬಿಚ್ಚಲಾರದೆ ಹೋದರೆ ಗಾಡಿ ಅಲ್ಲೇ ಕೂತುಬಿಡುತ್ತದೆ.

ನೀರು ಸೇರಿದೆಯೇ ಎಂದು ತಿಳಿಯಬೇಕಿದ್ದರೆ ರಾತ್ರಿಯಿಡೀ ನಿಂತ ಗಾಡಿಯಲ್ಲಿ ನೋಡಿ. ಬೆರೆಯದ ನೀರು ತಳಕ್ಕಿಳಿದಿರುತ್ತದೆ. ಡ್ರೈನ್ ಪ್ಲಗ್ಗನ್ನು ಪೂರ್ತಿ ತೆಗೆಯದೆ ಸ್ವಲ್ಪ ಸಡಿಲಿಸಿ, ಮೊದಲ ಹನಿಗಳನ್ನು ಪಾರದರ್ಶಕ ಲೋಟದಲ್ಲಿ ಹಿಡಿಯಿರಿ. ಹಾಲು ಬೆರೆತಂತೆ ಬೂದುಬಿಳುಪಾಗಿದ್ದರೆ ನೀರು ಆಯಿಲ್‌ನಲ್ಲಿ ಕಲಸಿಹೋಗಿದೆ ಎಂದರ್ಥ. ಹೊಸ ಆಯಿಲ್ ಹಾಕಿ ಕೆಲವು ಕಿಲೋಮೀಟರ್ ಓಡಿಸಿ ಅದನ್ನೂ ಇಳಿಸಿ, ಮತ್ತೊಮ್ಮೆ ತುಂಬಬೇಕು. ಒಂದೇ ಸಲಕ್ಕೆ ಮೂಲೆಮೂಲೆಯ ನೀರು ಹೊರಬರುವುದಿಲ್ಲ.

ಪ್ಲಗ್‌ನ ಆಯಸ್ಕಾಂತಕ್ಕೆ ಅಂಟಿದ್ದನ್ನು ಬೆರಳುಗಳ ನಡುವೆ ಉಜ್ಜಿ. ಕಾಡಿಗೆಯಂಥ ನುಣುಪು ಲೇಪವಾದರೆ ಅದು ವಯಸ್ಸಿನ ಸವಕಳಿ, ಚಿಂತೆ ಬೇಡ. ಉಗುರಿಗೆ ಸಿಗುವ ಚೂರು, ಚಕ್ಕೆ ಕಂಡರೆ ಗೇರ್ ಅಥವಾ ಬೇರಿಂಗ್ ಒಡೆಯುತ್ತಿದೆ.

ಡಿಫರೆನ್ಶಿಯಲ್‌ಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಗೇರ್ ಆಯಿಲ್ ಸಾಕು. ತುಂಬುವ ಪ್ಲಗ್‌ನ ರಂಧ್ರದ ಕೆಳ ಅಂಚಿಗೆ ಮುಟ್ಟಿ ತುಳುಕುವಷ್ಟು ತುಂಬಿ. ಉಳಿದ ಅದೇ ಡಬ್ಬಿಯನ್ನು ಹಳೆಯ ಗೇರ್‌ಬಾಕ್ಸ್‌ಗೂ ಸುರಿಯುವ ಅಭ್ಯಾಸ ಕೆಟ್ಟದ್ದು. ಜಿಎಲ್-5ರಲ್ಲಿರುವ ಗಂಧಕದ ಸೇರ್ಪಡೆಗಳು ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಸಿಂಕ್ರೊನೈಸರ್‌ನ ಹಿತ್ತಾಳೆ ರಿಂಗುಗಳನ್ನು ತಿನ್ನಬಲ್ಲವು. ಕೈಪಿಡಿ ಜಿಎಲ್-4 ಎಂದಿದ್ದರೆ ಜಿಎಲ್-4 ಅನ್ನೇ ಹಾಕಿ.

ಇನ್ನೊಂದು ಮಾತು. ಗೇರ್‌ಬಾಕ್ಸ್‌ನಲ್ಲಿ ಆಯಿಲ್ ಕಡಿಮೆಯಾಗಿ, ಟ್ರಾನ್ಸ್‌ಫರ್ ಕೇಸ್‌ನಲ್ಲಿ ಮಟ್ಟಕ್ಕಿಂತ ಹೆಚ್ಚಾಗಿದ್ದರೆ ನಡುವಿನ ಸೀಲ್ ಹೋಗಿದೆ. ಹೊರಗೆ ಒಂದು ತೊಟ್ಟೂ ಸೋರುವುದಿಲ್ಲವಾದ್ದರಿಂದ ಇದು ಕಣ್ಣಿಗೆ ಬೀಳದೆ ಗೇರ್‌ಬಾಕ್ಸ್ ಒಣಗಿ ಹಾಳಾಗುತ್ತದೆ.

ಬ್ರೀದರ್: ಚಿಕ್ಕದು, ಆದರೆ ಕಾರಣ ಇದೇ

ಆಕ್ಸಲ್ ಒಳಕ್ಕೆ ನೀರು ಬಂದದ್ದಾದರೂ ಹೇಗೆ? ಓಡಿ ಕಾದ ಆಕ್ಸಲ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಆ ಕೊರತೆ ತುಂಬಲು ಹೊರಗಿನ ಗಾಳಿ ಬರಬೇಕಾದ್ದು ಆಕ್ಸಲ್ ಕವಚದ ಮೇಲೆ ಗಾಳಿಯಾಡಲು ಇಟ್ಟ ಪುಟ್ಟ ಕಿಂಡಿ, ಅಂದರೆ ಬ್ರೀದರ್‌ನಿಂದ. ಅದು ಮಣ್ಣಿನಿಂದ ಮುಚ್ಚಿದ್ದರೆ ಆಕ್ಸಲ್ ತನ್ನ ಸೀಲ್‌ಗಳ ಮೂಲಕವೇ ನೀರನ್ನು ಹೀರಿಕೊಳ್ಳುತ್ತದೆ. ಮುಚ್ಚಿಲ್ಲದಿದ್ದರೂ ಬ್ರೀದರ್ ನೀರಿನಲ್ಲಿ ಮುಳುಗಿದ್ದರೆ ಅಲ್ಲಿಂದಲೇ ನೀರು ಒಳನುಗ್ಗುತ್ತದೆ. ಇನ್ನು ಕಟ್ಟಿದ ಬ್ರೀದರ್‌ನ ಗಾಡಿ ಹೆದ್ದಾರಿಯಲ್ಲಿ ಕಾದರೆ ಒತ್ತಡ ಹೆಚ್ಚಿ, ಸೀಲ್‌ನಿಂದ ಆಯಿಲ್ ಹೊರಬಂದು ಬ್ರೇಕ್ ಶೂ ತೋಯುತ್ತದೆ. ಸೀಲ್ ಎಷ್ಟು ಸಲ ಬದಲಿಸಿದರೂ ಮತ್ತೆ ಸೋರುತ್ತಿದೆ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಈ ಪುಟ್ಟ ಮುಚ್ಚಳ.

ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ಪೂರ್ತಿ ತೆಗೆದು, ಬ್ರೀದರ್ ಬಿಚ್ಚಿ, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಊದಿ ನೋಡಿ. ಅದಕ್ಕಿಂತ ಒಳ್ಳೆಯ ದಾರಿಯೆಂದರೆ ಅದರ ಜಾಗಕ್ಕೆ ನಳಿಕೆ ಹಾಕಿ, 6 ಅಥವಾ 8 ಮಿಲಿಮೀಟರ್ ಒಳವ್ಯಾಸದ, ಆಯಿಲ್ ತಡೆದುಕೊಳ್ಳುವ ರಬ್ಬರ್ ಪೈಪನ್ನು ಬಾನೆಟ್ ಕೆಳಗಿನ ಅತಿ ಎತ್ತರದ ಜಾಗದವರೆಗೆ ಒಯ್ಯುವುದು. ತುದಿಯಲ್ಲಿ ಸಣ್ಣ ಇಂಧನ ಫಿಲ್ಟರ್ ಇಡಿ. ಆಕ್ಸಲ್ ಪೂರ್ತಿ ಕೆಳಗೆ ಜೋತಾಗ ಎಳೆದು ಕಿತ್ತುಬಾರದಷ್ಟು ಪೈಪ್ ಸಡಿಲವಿರಲಿ. ಎಲ್ಲೂ ಜೋತುಬಿದ್ದು ಗುಂಡಿಯಂತಾಗದಿರಲಿ, ಅಲ್ಲಿ ಆಯಿಲ್ ನಿಂತು ಗಾಳಿಗೆ ಅಡ್ಡಿಯಾಗುತ್ತದೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ನಾಲ್ಕಕ್ಕೂ ಬ್ರೀದರ್ ಇರುತ್ತದೆ.

ಶಾಫ್ಟ್ ಮತ್ತು ಚಕ್ರ

ಪ್ರೊಪೆಲರ್ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ, ಮೇಲೆ ಕೆಳಗೆ ಅಲ್ಲಾಡಿಸಿ. ಶಾಫ್ಟ್ ತುದಿಯ ಕೀಲಾದ ಯೂನಿವರ್ಸಲ್ ಜಾಯಿಂಟ್‌ನ ಕಪ್ ಸುತ್ತ ಕೆಂಪು ಪುಡಿ ಕಂಡರೆ ಸೂಜಿ ಬೇರಿಂಗ್ ಒಣಗಿ ತುಕ್ಕಾಗಿದೆ, ಇನ್ನು ಗ್ರೀಸ್ ಹೊಡೆದು ಫಲವಿಲ್ಲ. ಚೆನ್ನಾಗಿರುವ ಜಾಯಿಂಟ್‌ಗೆ ನಾಲ್ಕೂ ಕಪ್‌ಗಳ ಅಂಚಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಗನ್ ಒತ್ತಿ. ಮೂರೇ ಕಡೆ ಬಂದರೆ ನಾಲ್ಕನೆಯದು ಕಟ್ಟಿದೆ. ಶಾಫ್ಟ್‌ನ ಉದ್ದ ಹಿಗ್ಗಿ ಕುಗ್ಗಲು ಬಿಡುವ ಜಾರುವ ಸ್ಪ್ಲೈನ್‌ಗೆ ಎರಡು ಮೂರು ಒತ್ತು ಸಾಕು, ಅತಿಯಾಗಿ ತುಂಬಿದರೆ ಶಾಫ್ಟ್ ಕುಗ್ಗಲಾಗದೆ ಒತ್ತಡ ಬೇರಿಂಗ್‌ಗಳ ಮೇಲೆ ಬೀಳುತ್ತದೆ.

ಎತ್ತಿದ ಮುಂಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲುಗಿಸಿ. ಅಲುಗಾಟವಿದ್ದರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಿಸಿ. ಅದು ನಿಂತುಹೋದರೆ ತಪ್ಪು ವೀಲ್ ಬೇರಿಂಗ್‌ನದು, ಹಾಗೇ ಉಳಿದರೆ ಚಕ್ರ ಎಡ ಬಲಕ್ಕೆ ಹೊರಳುವ ಕೀಲಾದ ಕಿಂಗ್‌ಪಿನ್‌ನದು. ಎಡ ಬಲಕ್ಕೆ ಮಾತ್ರ ಅಲುಗಿದರೆ ಎರಡು ಮುಂಚಕ್ರಗಳನ್ನು ಜೋಡಿಸುವ ಟೈ ರಾಡ್‌ನ ತುದಿಗಳನ್ನು ನೋಡಿ. ಹೆಚ್ಚು ವೇಗದಲ್ಲಿ ಸ್ಟೀರಿಂಗ್ ಅದುರುವ ಗಾಡಿಗೆ ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿ ಸುಮ್ಮನಾಗುವವರಿದ್ದಾರೆ. ಅದು ರೋಗ ಮುಚ್ಚುವುದಷ್ಟೇ, ಸವೆದ ಬುಷ್ ಅಲ್ಲೇ ಇರುತ್ತದೆ.

ಚಾಸಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ದಪ್ ಎನ್ನುತ್ತದೆ. ಹಿಂದಿನ ಸ್ಪ್ರಿಂಗ್ ಕೊಂಡಿಗಳ ಸುತ್ತ ಮತ್ತು ಬಾಡಿ ಕೂತಿರುವ ಜಾಗಗಳಲ್ಲಿ ನಿಧಾನಿಸಿ. ನೀರಿಳಿಯುವ ರಂಧ್ರಗಳನ್ನು ತಂತಿಯಿಂದ ಬಿಡಿಸಿ, ಒಳಕ್ಕೆ ಪೈಪ್ ಬಿಟ್ಟು ತಿಳಿನೀರು ಬರುವವರೆಗೆ ತೊಳೆಯಿರಿ. ಒಣಗುವ ಮುನ್ನ ಒಳಗೆ ಮೇಣದ ಸ್ಪ್ರೇ ಹೊಡೆದರೆ ತೇವವನ್ನು ಒಳಗೇ ಮುಚ್ಚಿಟ್ಟಂತೆ.

ಈಗ ಬಾನೆಟ್

ಇಲ್ಲಿ ಮೂರೇ ಕೆಲಸ. ಏರ್ ಫಿಲ್ಟರ್ ಆದಮೇಲಿನ ಪೈಪ್ ಬಿಚ್ಚಿ ಒಳಗೆ ಬಿಳಿ ಬಟ್ಟೆ ಆಡಿಸಿ. ಧೂಳು ಅಂಟಿದರೆ ಎಲ್ಲೋ ಬಿರುಕಿದೆ, ಪಿಸ್ಟನ್ ರಿಂಗುಗಳು ಉಪ್ಪುಕಾಗದದಲ್ಲಿ ಉಜ್ಜಿದಂತೆ ಸವೆಯುತ್ತಿವೆ. ರೇಡಿಯೇಟರ್‌ನ ಕೆಸರನ್ನು ಇಂಜಿನ್ ಕಡೆಯಿಂದ ಹೊರಕ್ಕೆ, ಮೆಲುವಾದ ನೀರಿನಿಂದ ತೊಳೆಯಿರಿ. ಜೋರಿನ ಧಾರೆಗೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಮೂರನೆಯದು ಅರ್ತ್, ಅಂದರೆ ಬ್ಯಾಟರಿಯ ನೆಗೆಟಿವ್‌ನಿಂದ ಇಂಜಿನ್‌ಗೆ ಇರುವ ಜೋಡಣೆ. ಮಲ್ಟಿಮೀಟರ್‌ನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಂಜಿನ್‌ನ ಬರೀ ಲೋಹಕ್ಕೆ ಒತ್ತಿ ಸ್ಟಾರ್ಟರ್ ತಿರುಗಿಸಿ. ಅರ್ಧ ವೋಲ್ಟ್ ದಾಟಿದರೆ ಹೊಸ ಬ್ಯಾಟರಿಗೆ ದುಡ್ಡು ಹಾಕುವ ಮುನ್ನ ಅರ್ತ್ ಪಟ್ಟಿ ಬಿಚ್ಚಿ ಉಜ್ಜಿ ಕೂರಿಸಿ.

ತಿಂಗಳಿಗೊಮ್ಮೆ ಸಡಿಲ ಮಣ್ಣಿನಲ್ಲಿ ಫೋರ್ ವೀಲ್ ಮತ್ತು ಲೋ ರೇಂಜ್ (ನಿಧಾನ, ಹೆಚ್ಚು ಬಲದ ಗೇರ್) ಹಾಕಿ ಒಂದೆರಡು ಕಿಲೋಮೀಟರ್ ಓಡಿಸಿ, ಲಿವರ್ ಹಿಡಿದುಕೊಳ್ಳುವುದಿಲ್ಲ, ಮುಂದಿನ ಆಕ್ಸಲ್‌ಗೂ ಆಯಿಲ್ ಮುಟ್ಟುತ್ತದೆ. ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಇನ್ನೊಂದು ಡಿಫರೆನ್ಶಿಯಲ್ ಇಲ್ಲದ ಗಾಡಿಗೆ ಒಣ ಡಾಂಬರಿನ ಮೇಲೆ ಈ ಪ್ರಯೋಗ ಬೇಡ. ಮುಂದಿನ ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಂಡು ಲಿವರ್ ಬಿಡದಂತಾಗುತ್ತದೆ. ಹಾಗಾದಾಗ ಲಿವರ್ ಜತೆ ಕುಸ್ತಿ ಬೇಡ. ಸ್ಟೀರಿಂಗ್ ನೇರ ಮಾಡಿಕೊಂಡು ನಾಲ್ಕಾರು ಮೀಟರ್ ಹಿಂದಕ್ಕೆ ಓಡಿಸಿ, ಸಾಮಾನ್ಯವಾಗಿ ಅಷ್ಟಕ್ಕೇ ಬಿಗಿತ ಇಳಿದು ಲಿವರ್ ಸುಲಭವಾಗಿ ಬರುತ್ತದೆ.