ಬ್ಯಾಕಪ್ ಸರ್ವರ್ ಮತ್ತು ವಿಎಂಗಳ ನಡುವೆ ಸರ್ಟಿಫಿಕೇಟ್ ನಂಬಿಕೆ: ಕಚೇರಿಯಲ್ಲೇ ಮಾಡಿಕೊಳ್ಳಿ

ಶಿರಸಿಯ ಅಡಿಕೆ ವ್ಯವಹಾರದ ಸಂಘವಿರಲಿ, ಕಾರವಾರದ ಆಡಿಟರ್ ಕಚೇರಿಯಿರಲಿ, ಈಗ ಒಂದೇ ದೊಡ್ಡ ಯಂತ್ರದಲ್ಲಿ ನಾಲ್ಕೈದು ವರ್ಚುವಲ್ ಮಷಿನ್ (ವಿಎಂ, ಅಂದರೆ ಆ ಯಂತ್ರದೊಳಗೆ ತಂತ್ರಾಂಶದಿಂದ ಮಾಡಿದ ಪ್ರತ್ಯೇಕ ಕಂಪ್ಯೂಟರ್) ಓಡುತ್ತಿರುತ್ತವೆ. ಒಂದರಲ್ಲಿ ಸದಸ್ಯರ ಖಾತೆ, ಇನ್ನೊಂದರಲ್ಲಿ ಟೆಂಡರ್ ಲೆಕ್ಕ. ರಾತ್ರಿ ಎಲ್ಲದರ ನಕಲು ಬ್ಯಾಕಪ್ ಸರ್ವರ್‌ಗೆ ಹೋಗುತ್ತದೆ. ಆಗ ಸರ್ವರ್‌ನ ಗುರುತಿನ ಚೀಟಿಯಂತಿರುವ ಸರ್ಟಿಫಿಕೇಟ್ ನಂಬುವಂಥದ್ದಲ್ಲ ಎಂಬ ಎಚ್ಚರಿಕೆ ಬಂದರೆ, ಪರಿಶೀಲನೆಯನ್ನೇ ಆಫ್ ಮಾಡಿಬಿಡುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಡೇಟಾ ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತದೆ, ನಿಜ. ಆದರೆ ಯಾರ ಕೈ ಸೇರುತ್ತಿದೆ ಅಂತ ಗೊತ್ತಾಗಬೇಕಲ್ವಾ? ಅದೇ ನೆಟ್‌ವರ್ಕ್‌ನ ಬೇರೆ ಯಂತ್ರ 'ನಾನೇ ಬ್ಯಾಕಪ್ ಸರ್ವರ್' ಎಂದರೂ ವಿಎಂ ಒಪ್ಪಿಕೊಂಡುಬಿಡುತ್ತದೆ.

ಇದಕ್ಕೆ ನಿಮ್ಮದೇ ಒಂದು ಸಿಎ (ಸರ್ಟಿಫಿಕೇಟ್ ಅಥಾರಿಟಿ) ಬೇಕು. ಅಂದರೆ, ಕಚೇರಿಯ ಉಳಿದೆಲ್ಲ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಒಂದು ಗುಟ್ಟಿನ ಡಿಜಿಟಲ್ ಕೀ. ಅದನ್ನು ಮಾಡಲು ಉಚಿತವಾಗಿ ಸಿಗುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶ ಸಾಕು. 4096 ಬಿಟ್‌ನ ಆರ್‌ಎಸ್‌ಎ ಕೀ ಮಾಡಿ, ಗಟ್ಟಿ ಪಾಸ್‌ವರ್ಡ್ ಹಾಕಿ, ಸಿಎ ಸರ್ಟಿಫಿಕೇಟ್‌ಗೆ ಹತ್ತು ವರ್ಷದ ಅವಧಿ ಕೊಡಿ. ಈ ಕೀ ಬ್ಯಾಕಪ್ ಸರ್ವರ್‌ನಲ್ಲಿ ಇರಲೇಬಾರದು. ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದನ್ನು ಕಚೇರಿಯ ತಿಜೋರಿಯಲ್ಲಿ, ಇನ್ನೊಂದನ್ನು ಬೇರೆ ಊರಿನ ಶಾಖೆಯಲ್ಲಿ ಇಡಿ.

ಮುಂದಿನದು ಬ್ಯಾಕಪ್ ಸರ್ವರ್‌ನ ಸರ್ಟಿಫಿಕೇಟ್. ಹೆಚ್ಚಿನವರು ಎಡವುವುದು ಇಲ್ಲೇ. ಸರ್ವರ್‌ನ ಹೆಸರನ್ನು ಹಳೆಯ ಕಾಮನ್ ನೇಮ್ ಜಾಗದಲ್ಲಿ ಮಾತ್ರ ಬರೆದರೆ ಸಾಲದು. ಕ್ರೋಮ್ 2017ರಲ್ಲೇ ಅದನ್ನು ನೋಡುವುದು ಬಿಟ್ಟಿತು. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಇಂದಿನ ಬ್ಯಾಕಪ್ ತಂತ್ರಾಂಶಗಳೂ ನೋಡುವುದಿಲ್ಲ. ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್ ಎಂಬ ಭಾಗದಲ್ಲಿ ಹೆಸರು ಇರಲೇಬೇಕು. ವಿಎಂಗಳು ಐಪಿ ವಿಳಾಸದಿಂದ ಸಂಪರ್ಕಿಸುತ್ತಿದ್ದರೆ ಅದನ್ನೂ ಸೇರಿಸಿ, ಡಿಎನ್‌ಎಸ್ ಹೆಸರಾಗಿ ಅಲ್ಲ, ಐಪಿ ಎಂದೇ. ಇನ್ನೊಂದು ವಿಷಯ: ಸಹಿಗೆ ಕಳಿಸುವ ಅರ್ಜಿಯಲ್ಲಿ ಈ ಹೆಸರುಗಳು ಸರಿಯಾಗಿದ್ದರೂ, ಓಪನ್‌ಎಸ್‌ಎಸ್‌ಎಲ್‌ನ ಎಕ್ಸ್509 ಕಮಾಂಡ್ ಸಹಿ ಹಾಕುವಾಗ ಅವನ್ನು ತಾನಾಗಿ ನಕಲು ಮಾಡುವುದಿಲ್ಲ. ಈ ಹೆಸರುಗಳನ್ನು ಬರೆದ ಎಕ್ಸ್‌ಟೆನ್ಶನ್ ಫೈಲನ್ನು ಪ್ರತ್ಯೇಕವಾಗಿ ಕೊಡಬೇಕು. ಸಹಿಯಾದ ಮೇಲೆ ಸರ್ಟಿಫಿಕೇಟ್ ತೆರೆದು ಹೆಸರುಗಳಿವೆಯಾ ಅಂತ ಕಣ್ಣಾರೆ ನೋಡಿ.

ಈಗ ವಿಎಂಗಳಿಗೆ ಸಿಎ ಸರ್ಟಿಫಿಕೇಟ್ ಹಾಕುವುದು. ಕೀ ಅಲ್ಲ, ಸರ್ಟಿಫಿಕೇಟ್ ಮಾತ್ರ. ಉಬುಂಟು, ಡೆಬಿಯನ್ ಎಂಬ ಲಿನಕ್ಸ್‌ಗಳಲ್ಲಿ ಯುಎಸ್‌ಆರ್ ಲೋಕಲ್ ಶೇರ್ ಒಳಗಿನ ಸಿಎ-ಸರ್ಟಿಫಿಕೇಟ್ಸ್ ಫೋಲ್ಡರ್‌ಗೆ ಹಾಕಿ ಅಪ್‌ಡೇಟ್-ಸಿಎ-ಸರ್ಟಿಫಿಕೇಟ್ಸ್ ಕಮಾಂಡ್ ಓಡಿಸಿ. ಫೈಲ್ ಹೆಸರಿನ ಕೊನೆಗೆ ಡಾಟ್ ಸಿಆರ್‌ಟಿ ಇಲ್ಲದಿದ್ದರೆ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ವಿಂಡೋಸ್‌ನಲ್ಲಾದರೆ ಲೋಕಲ್ ಕಂಪ್ಯೂಟರ್‌ನ ಟ್ರಸ್ಟೆಡ್ ರೂಟ್ ಪಟ್ಟಿಗೆ ಸೇರಿಸಿ. ಬರೀ ನಿಮ್ಮ ಲಾಗಿನ್‌ಗೆ ಸೇರಿಸಿದರೆ ಹಿನ್ನೆಲೆಯಲ್ಲಿ ಓಡುವ ಬ್ಯಾಕಪ್ ಸರ್ವಿಸ್‌ಗೆ ಅದು ಕಾಣುವುದಿಲ್ಲ. ಜಾವಾ ಆಧಾರಿತ ಏಜೆಂಟ್‌ಗೆ (ವಿಎಂನಲ್ಲಿ ಓಡುವ ಬ್ಯಾಕಪ್ ತಂತ್ರಾಂಶಕ್ಕೆ) ನಂಬುವ ಸಿಎಗಳ ತನ್ನದೇ ಪಟ್ಟಿ ಇರಬಹುದು, ನೋಡಿಕೊಳ್ಳಿ.

ವಿಎಂಗಳೂ ತಮ್ಮ ಗುರುತು ತೋರಿಸಬೇಕೆಂದರೆ ಪ್ರತಿಯೊಂದಕ್ಕೂ ಬೇರೆ ಕೀ, ಬೇರೆ ಸರ್ಟಿಫಿಕೇಟ್ ಮಾಡಿ. ಹೊಸ ವಿಎಂಗಳಿಗೆ ಅಚ್ಚಾಗಿ ಬಳಸುವ ಟೆಂಪ್ಲೇಟ್‌ನಲ್ಲೇ ಪ್ರೈವೇಟ್ ಕೀ ಇಟ್ಟು ಕ್ಲೋನ್ (ನಕಲು) ಮಾಡುವುದು ಕೇರಿಯ ಮನೆಗಳಿಗೆಲ್ಲ ಒಂದೇ ಬೀಗದ ಕೈ ಕೊಟ್ಟ ಹಾಗೆ. ಟೆಂಪ್ಲೇಟ್‌ನಲ್ಲಿ ಸಿಎ ಸರ್ಟಿಫಿಕೇಟ್ ಮಾತ್ರ ಇರಲಿ. ಕೀ ಹುಟ್ಟಬೇಕಾದ್ದು ಕ್ಲೋನ್ ಆದ ಮೇಲೆ.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಕೈಕೊಡುವುದು ಗೊತ್ತೇ ಇದೆ. ಸರ್ವರ್‌ನ ಮದರ್‌ಬೋರ್ಡ್‌ನಲ್ಲಿರುವ ಬಟನ್ ಸೆಲ್ ಸತ್ತಿದ್ದರೆ, ಕರೆಂಟ್ ಬಂದಾಗ ಗಡಿಯಾರ ಹಳೆಯ ವರ್ಷಕ್ಕೆ ಹೋಗಿ ನಿಂತಿರುತ್ತದೆ. ಆಗ ಎಲ್ಲ ಸರಿಯಿದ್ದರೂ 'ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ' ಎಂಬ ದೋಷ ಬರುತ್ತದೆ. ಲಿನಕ್ಸ್ ಯಂತ್ರಗಳಲ್ಲಿ ನೆಟ್‌ವರ್ಕ್ ಮೂಲಕ ಗಡಿಯಾರ ಸರಿಪಡಿಸುವ ಕ್ರೋನಿ ಹಾಕಿ. ಮೇ ತಿಂಗಳಲ್ಲೇ ಸೆಲ್ ಬದಲಿಸಿ.

ಕೊನೆಗೆ ಪರೀಕ್ಷೆ. ವಿಎಂನಿಂದ ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ ಕಮಾಂಡ್ ಓಡಿಸಿ ಬ್ಯಾಕಪ್ ಸರ್ವರ್‌ಗೆ ಸಂಪರ್ಕಿಸಿ. ವೆರಿಫೈ ರಿಟರ್ನ್ ಕೋಡ್ 0 ಬರಬೇಕು. ಅದು ತಾನಾಗಿ ಹೆಸರನ್ನು ತಾಳೆ ನೋಡುವುದಿಲ್ಲ, ವೆರಿಫೈ-ಹೋಸ್ಟ್‌ನೇಮ್ ಆಯ್ಕೆಯನ್ನೂ ಕೊಡಿ. ಆಮೇಲೆ ಬೇಕಂತಲೇ ತಪ್ಪು ಹೆಸರು ಕೊಟ್ಟು ನೋಡಿ. ದೋಷ ಬರಲೇಬೇಕು. ಒಂದು ವಿಎಂ ಅನ್ನು ಹಳೆಯ ಬ್ಯಾಕಪ್‌ನಿಂದ ರಿಸ್ಟೋರ್ ಮಾಡಿಯೂ ನೋಡಿ. ಅದರ ಜೊತೆ ಅವಧಿ ಮುಗಿದ ಸರ್ಟಿಫಿಕೇಟ್ ವಾಪಸ್ ಬಂದಿರಬಹುದು. ಹಾಗಿದ್ದರೆ ಹೊಸದು ಕೊಟ್ಟ ಮೇಲೆಯೇ ಆ ವಿಎಂನ ಬ್ಯಾಕಪ್ ಮತ್ತೆ ಶುರುವಾಗುತ್ತದೆ.